ಅಮೆರಿಕಕ್ಕೆ ಓಣಂ ಬಂದಿದ್ದರೆ

ಕೊಳೆತ ಎಲೆಕೋಸಿನ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ನಗು ಬರುತ್ತದೆ. ಹೋದ ತಿಂಗಳು ಅಪ್ಪನನ್ನು ಕರೆದುಕೊಂಡು ಚಾಮರಾಜನಗರದಿಂದ ಬಸ್ಸಿನಲ್ಲಿ ಊರಿಗೆ ಹೋಗುತ್ತಿದ್ದೆ. ತೆರಕಣಾಂಬಿಯ ತರಕಾರಿ ಮಾರ್ಕೆಟ್ ಹತ್ತಿರ ಬಸ್ಸು ನಿಂತಿತು, ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಮುಂದಿನ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, ನಗುತ್ತಿದ್ದ ನನ್ನನ್ನು ತಿರುಗಿ ತಿರುಗಿ ನೋಡಿದಳು. ನಾನೇನು ಮಾಡಲಿ? ಆ ವಾಸನೆ ಬಂದರೆ ಸಾಕು, ಅದರ ಹಿಂದೆಯೇ ನಮ್ಮ ಸಮಾಜ ಪಾಠದ ಮೇಷ್ಟ್ರು ಬಂದುಬಿಡುತ್ತಾರೆ. ಮೊದಲು ಅವರ ಹೊಟ್ಟೆ, ಆಮೇಲೆ ಅವರು.

ತೊಂಬತ್ತರ ದಶಕದ ಮಾತು. ತೆರಕಣಾಂಬಿಗೆ ಎರಡು ಮೈಲಿ ದೂರದ ನಮ್ಮೂರ ಹೈಸ್ಕೂಲಿನಲ್ಲಿ ನಾನು ಹತ್ತನೇ ಕ್ಲಾಸು. ಮೇಷ್ಟ್ರು ಚಾಮರಾಜನಗರದವರು, ನಮ್ಮೂರಲ್ಲೇ ರೂಮು ಮಾಡಿಕೊಂಡಿದ್ದರು. ಮೈಸೂರು ದಾಟಿ ಹೋದವರಲ್ಲ. ಆದರೆ ಅಮೆರಿಕದ ಪಾಠ ಬಂತೆಂದರೆ, ಈಗಷ್ಟೇ ಅಲ್ಲಿಂದ ಬಂದು ಬಸ್ಸಿಳಿದವರ ಹಾಗೆ ಮಾತಾಡುತ್ತಿದ್ದರು. ಆ ವರ್ಷ ಆರ್ಥಿಕ ಮಹಾಕುಸಿತದ ಪಾಠವಿತ್ತು. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಕಾರಣಗಳು, ಕಷ್ಟಗಳು, ಚೇತರಿಕೆ ಎಂದು ಬರೆದು, ಅಲ್ಲಿ ಗೋದಿಯನ್ನು ಸುಟ್ಟರು, ಹಾಲನ್ನು ರಸ್ತೆಗೆ ಚೆಲ್ಲಿದರು, ಇತ್ತ ಜನ ಗಂಜಿಗೆ ಸಾಲು ನಿಂತರು ಎಂದರು.

ನನ್ನ ಬಾಯಿ ಮೊದಲಿನಿಂದಲೂ ಸುಮ್ಮನಿರುವ ಬಾಯಲ್ಲ. "ಗೋದಿ ರಾಸಿ ಬಿದ್ದಿರ್ವಾಗ ಜನ ಯಾಕೆ ಸಾ ಹಸ್ಕಂಡಿದ್ರು?" ಎಂದು ಕೇಳಿಬಿಟ್ಟೆ.

ಮೇಷ್ಟ್ರು ಬೋರ್ಡು ಒರೆಸಲು ತಿರುಗಿದರು. "ಕುತ್ಕೊ ಕಣಮ್ಮಿ, ನಾಳೆ ಹೇಳ್ತೀನಿ" ಎಂದರು. ಆ ನಾಳೆ ಬರಲು ಒಂದು ತಿಂಗಳೇ ಹಿಡಿಯಿತು.

ಅದೇ ಆಷಾಢದಲ್ಲಿ ವಯನಾಡಿನ ಆಚೆ ಘಟ್ಟದ ರಸ್ತೆಯಲ್ಲಿ ಗುಡ್ಡ ಜರುಗಿ, ಕೇರಳದ ಲಾರಿಗಳು ನಿಂತುಹೋದವು. ನಮ್ಮ ಕಡೆಯ ಕೋಸು, ಬೀನ್ಸು, ಕುಂಬಳಕಾಯಿ ಎಲ್ಲವೂ ಆ ಲಾರಿಗಳಲ್ಲೇ ಹೋಗಬೇಕು. ಅಪ್ಪ ಮಾರ್ಕೆಟ್ಟಿನಲ್ಲಿ ಲಾರಿಗೆ ಮೂಟೆ ತುಂಬುವ ಹಮಾಲಿ. ಲಾರಿಯಿಲ್ಲದ ಮೇಲೆ ಹಮಾಲಿಗೇನು ಕೆಲಸ? ರಸ್ತೆ ಸರಿಹೋಯಿತು ಎಂದು ಸುದ್ದಿ ಬಂದಾಗ ಎಲ್ಲರೂ ಹಿಗ್ಗಿದೆವು. ಆದರೂ ಲಾರಿ ಬರಲಿಲ್ಲ. ಅಷ್ಟರಲ್ಲಿ ವ್ಯಾಪಾರಿಗಳು ಬೇರೆ ಕಡೆಯಿಂದ ತರಕಾರಿ ತರಿಸುವುದನ್ನು ರೂಢಿ ಮಾಡಿಕೊಂಡಿದ್ದರಂತೆ. ಕೋಸು ಮಾರ್ಕೆಟ್ಟಿನಲ್ಲೇ ಕೊಳೆಯತೊಡಗಿತು. ಗಾಳಿ ತಿರುಗಿದರೆ ವಾಸನೆ ನಮ್ಮೂರವರೆಗೂ ಬರುತ್ತಿತ್ತು.

ಒಂದು ದಿನ ಪಾಠದ ಹೊತ್ತಿಗೆ ಆ ವಾಸನೆ ಕ್ಲಾಸಿನೊಳಗೇ ಬಂತು. ಮೇಷ್ಟ್ರು ಮೂಗರಳಿಸಿ, ಸೀಮೆಸುಣ್ಣ ಕೆಳಗಿಟ್ಟು, "ಏಳ್ರಲಾ ಎಲ್ಲಾ, ಅಮೆರಿಕಕ್ಕೆ ಹೋಗನ" ಎಂದರು. ಎರಡು ಮೈಲಿ ಸಾಲಾಗಿ ನಡೆದೆವು. ಅವರ ಹೊಟ್ಟೆ ಮುಂದೆ, ನಾವು ಹಿಂದೆ.

ಮಾರ್ಕೆಟ್ಟಿನಲ್ಲಿ ಕೋಸು ಆಳೆತ್ತರ ರಾಶಿ ಬಿದ್ದಿತ್ತು. ಮೇಷ್ಟ್ರು ಟೀ ಅಂಗಡಿಯ ಅಜ್ಜಿಯನ್ನು ಕೇಳಿದರು, ಯಾಕಜ್ಜಿ ಒಲೆ ಆರಿದೆ ಎಂದು. ಹಮಾಲಿಗಳು ಟೀ ಕುಡಿಯುವುದನ್ನು ಬಿಟ್ಟಿದ್ದಾರೆ, ಹಾಗಾಗಿ ಹಾಲು ತರಿಸುತ್ತಿಲ್ಲ ಎಂದಳು. ಹಾಲು ಮಾರುವವನ ಕೂದಲು ಕಿವಿ ಮುಚ್ಚಿತ್ತು. ಕ್ಷೌರಕ್ಕೆ ಮುಂದಿನ ತಿಂಗಳು ನೋಡೋಣ ಎಂದನಂತೆ. ಕ್ಷೌರದವನು ಕುರ್ಚಿಯಲ್ಲಿ ತಾನೇ ಕೂತು ನಿದ್ದೆ ಮಾಡುತ್ತಿದ್ದ. "ನೋಡ್ದಾ ಕಣಮ್ಮಿ?" ಎಂದು ಮೇಷ್ಟ್ರು ನನ್ನ ಕಡೆ ತಿರುಗಿದರು. "ಕೋಸೂ ಐತೆ, ಹಸಿವೂ ಐತೆ. ನಡುವೆ ಕೂಲಿ ಇಲ್ಲ ಅಷ್ಟೇಯ. ಒಬ್ರ ಖರ್ಚು ಇನ್ನೊಬ್ರ ಸಂಪಾದ್ನೆ. ಎಲ್ಲಾರೂ ಎದ್ರಿಕಂಡು ಒಟ್ಟಿಗೇ ಕೈ ಮುಚ್ಕಂಡ್ರೆ ಊರೇ ಮಲಗ್ಬುಡ್ತದೆ." ಮಹಾಕುಸಿತ ನನಗೆ ಅರ್ಥವಾದದ್ದು ಆಗಲೇ. ಆಮೇಲೆ ಡಿಗ್ರಿಯಲ್ಲಿ ಅರ್ಥಶಾಸ್ತ್ರ ಓದಿದಾಗಲೂ ಇದಕ್ಕಿಂತ ಹೆಚ್ಚೇನೂ ತಿಳಿಯಲಿಲ್ಲ.

ಅಷ್ಟು ಹೊತ್ತಿಗೆ ಖಾಲಿ ಮೂಟೆಗಳ ಮೇಲೆ ಕೂತಿದ್ದ ಅಪ್ಪ ಎದ್ದು ಬಂದ. ಟವೆಲನ್ನು ಹೆಗಲಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, "ಸಾ, ಬರೋ ಸ್ವಾಮಾರ ನಾವು ಕೊಡಗಿಗೆ ಓಯ್ತೀವಿ. ಕಾಪಿ ತೋಟದಲ್ಲಿ ಕೆಲ್ಸ ಅದಂತೆ. ಇವಳ್ದು ಟೀಸಿ ಕೊಟ್ಬುಡಿ" ಎಂದ.

ಹುಡುಗರೆಲ್ಲ ನನ್ನನ್ನೇ ನೋಡಿದರು. ನನಗೆ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ತೋಟಕ್ಕೆ ಹೋದ ಮೇಲೆ ಓದು ಮುಗಿದಂತೆಯೇ. ನಮ್ಮ ಬೀದಿಯಿಂದ ಹೋದ ಯಾವ ಹುಡುಗಿಯೂ ತಿರುಗಿ ಶಾಲೆಗೆ ಬಂದಿರಲಿಲ್ಲ. ವಾಪಸ್ಸು ಬರುವಾಗ ಎರಡು ಮೈಲಿಯೂ ಮೇಷ್ಟ್ರು ಬೆರಳು ಮಡಿಸಿ ಏನೋ ಲೆಕ್ಕ ಹಾಕುತ್ತಾ ನಡೆದರು.

ಮರುದಿನ ಬೆಳಿಗ್ಗೆ ಹೆಡ್ಮಾಸ್ಟರ ರೂಮಿನಿಂದ ಜೋರು ಮಾತು ಕೇಳಿಸಿತು. ಶಾಲೆಗೆ ಕಾಂಪೌಂಡು ಕಟ್ಟಲು ಊರವರು ಕೊಟ್ಟ ದುಡ್ಡು ಪೋಸ್ಟಾಫೀಸಿನಲ್ಲಿ ವರ್ಷಗಟ್ಟಲೆ ಬೆಚ್ಚಗೆ ಮಲಗಿತ್ತು. ಒಳ್ಳೆ ಕಾಲ ಬರಲಿ ಎಂದು ಹೆಡ್ಮಾಸ್ಟರು ಕಾಯುತ್ತಿದ್ದರು. ಕೆಟ್ಟ ಕಾಲದಲ್ಲೇ ಅದನ್ನು ಎಬ್ಬಿಸಬೇಕು ಎಂದು ಮೇಷ್ಟ್ರ ವಾದ. ಅದೂ ಕಂಟ್ರಾಕ್ಟರಿಗೆ ಕೊಡದೆ, ಮಾರ್ಕೆಟ್ಟಿನ ಹಮಾಲಿಗಳ ಕೈಯಲ್ಲೇ ಕಟ್ಟಿಸಬೇಕಂತೆ. ಅವರಿಗೆ ಗೋಡೆ ಕಟ್ಟಲು ಬರುತ್ತದೇನ್ರೀ ಎಂದು ಹೆಡ್ಮಾಸ್ಟರು ಕೂಗಿದರು. "ಮೂಟೆ ಜೋಡ್ಸೋರ್ಗೆ ಕಲ್ಲು ಜೋಡ್ಸಕ್ಕೆ ಬರಲ್ವಾ ಸಾ?" ಎಂದು ಇವರೂ ಕೂಗಿದರು. ಎಲ್ಲಾ ಕ್ಲಾಸುಗಳೂ ಪಾಠ ನಿಲ್ಲಿಸಿ ಕಿವಿಗೊಟ್ಟಿದ್ದವು. ಕೊನೆಗೆ ಹೆಡ್ಮಾಸ್ಟರು ಸೋತರು.

ಸೋಮವಾರ ನಾವು ಕೊಡಗಿನ ಬಸ್ಸು ಹತ್ತಲಿಲ್ಲ. ಅಪ್ಪ ಶಾಲೆಯ ಅಂಗಳದಲ್ಲಿ ಕಲ್ಲು ಹೊರುತ್ತಿದ್ದ. ಟೀಸಿ ಕೇಳಿದ್ದಕ್ಕೆ ಮೇಷ್ಟ್ರು, "ಗೋಡೆ ಮುಗೀಲಿ, ಕೊಡ್ತೀನಿ" ಎಂದರಂತೆ.

ಟೀ ಅಜ್ಜಿ ಒಲೆಯನ್ನೇ ಹೊತ್ತು ತಂದು ಶಾಲೆಯ ಅಂಗಳದ ಅಂಚಿನಲ್ಲಿ ಹೂಡಿದಳು. ಹಾಲಿನವನು ಬಂದ. ನಾಲ್ಕನೆಯ ದಿನ ಅವನು ಕ್ಷೌರ ಮಾಡಿಸಿಕೊಂಡು ಬಂದಾಗ, ಮೇಷ್ಟ್ರು ಪಾಠ ನಿಲ್ಲಿಸಿ ಕಿಟಕಿಯಿಂದ ತೋರಿಸಿ, "ಬರ್ಕೊಳ್ರಲಾ, ಚೇತರಿಕೆ!" ಎಂದರು. ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಆ ಮನುಷ್ಯ ಯಾಕೆಂದು ತಿಳಿಯದೆ ತಲೆ ಸವರಿಕೊಂಡ.

ಗೋಡೆಯ ಕಥೆ ಹೇಳಲೇಬೇಕು. ಹಮಾಲಿಗಳು ಕಲ್ಲನ್ನೂ ಮೂಟೆಯ ಹಾಗೆಯೇ ಒತ್ತೊತ್ತಾಗಿ ಜೋಡಿಸಿದರು. ಎಲ್ಲ ಮುಗಿದ ಮೇಲೆ ನೋಡಿದರೆ ಗೋಡೆಯ ನಡುವೆ ಒಂದು ಕಡೆ ಉಬ್ಬಿಕೊಂಡು, ಥೇಟ್ ಮೇಷ್ಟ್ರ ಹೊಟ್ಟೆಯ ಹಾಗೇ ಮುಂದೆ ಬಂದಿತ್ತು. ಹೆಡ್ಮಾಸ್ಟರು ತಲೆ ಚಚ್ಚಿಕೊಂಡರು. ಕೆಡವಿ ಕಟ್ಟಿಸೋಣ ಎಂದರೆ ಮೇಷ್ಟ್ರು ಒಪ್ಪಲಿಲ್ಲ. ಅದರ ಪಕ್ಕದಲ್ಲಿ ನಿಂತು, ಎರಡರಲ್ಲಿ ಯಾವುದು ದೊಡ್ಡದೆಂದು ನಮ್ಮನ್ನೇ ಕೇಳಿದರು. ನಾವು ನಕ್ಕೂ ನಕ್ಕೂ ಸುಸ್ತಾದೆವು.

ಗೋಡೆ ಮುಗಿಯುವ ಹೊತ್ತಿಗೆ ಓಣಂ ಹತ್ತಿರ ಬಂತು. ಹಬ್ಬಕ್ಕೆ ಕೇರಳದವರಿಗೆ ಎಷ್ಟು ತರಕಾರಿಯಿದ್ದರೂ ಸಾಲದು. ಒಂದು ಬೆಳಿಗ್ಗೆ ಮಲಯಾಳದಲ್ಲಿ ಹೆಸರು ಬರೆದ ಲಾರಿಗಳು ಸಾಲಾಗಿ ಹಾರನ್ನು ಹೊಡೆಯುತ್ತಾ ಮಾರ್ಕೆಟ್ಟಿಗೆ ಬಂದವು. ಅಪ್ಪ ಕೈಯ ಸಿಮೆಂಟು ತೊಳೆದುಕೊಳ್ಳುವ ವ್ಯವಧಾನವೂ ಇಲ್ಲದೆ ಓಡಿದ. ಟೀಸಿ ಮಾತು ಅಲ್ಲಿಗೇ ನಿಂತಿತು.

ಆಮೇಲೆ ಅರ್ಧ ವಾರ್ಷಿಕ ಪರೀಕ್ಷೆ. ಮಹಾಕುಸಿತದಿಂದ ಅಮೆರಿಕ ಚೇತರಿಸಿಕೊಂಡದ್ದು ಹೇಗೆ ಎಂಬ ಪ್ರಶ್ನೆಗೆ, ಅಲ್ಲಿಯ ಸರ್ಕಾರ ಕಾಂಪೌಂಡು ಕಟ್ಟಿಸಿತು ಎಂದು ಇಡೀ ಕ್ಲಾಸು ಬರೆದಿತ್ತು. ನಾನು ಒಂದು ಹೆಜ್ಜೆ ಮುಂದೆ ಹೋಗಿ, ಕೊನೆಗೆ ಓಣಂ ಬಂದದ್ದರಿಂದ ಪರಿಸ್ಥಿತಿ ಪೂರ್ತಿ ಸುಧಾರಿಸಿತು ಎಂದು ಬರೆದಿದ್ದೆ! ಸೊನ್ನೆ ಕೊಡಿ ಎಂದು ಹೆಡ್ಮಾಸ್ಟರು ಹಾರಾಡಿದರು. ಮೇಷ್ಟ್ರು ನನ್ನ ಉತ್ತರವನ್ನು ಕ್ಲಾಸಿನಲ್ಲಿ ಓದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ ಹೇಳಿದರು. "ಗೋಡೆ ಮಾತು ಸರಿಯಾಗೇ ಅದೆ. ಅವ್ರೂ ರಸ್ತೆ, ಸೇತುವೆ ಕಟ್ಸಿ ಕೂಲಿ ಕೊಟ್ರು. ಆದ್ರೆ ಕೊನೇಲಿ ಎಲ್ಲಾರ್ಗೂ ಕೆಲ್ಸ ಕೊಡಕ್ಕೆ ಅಲ್ಲಿಗೆ ಬಂದದ್ದು ಯುದ್ಧ ಕಣಮ್ಮಿ. ಓಣಂ ಬಂದಿದ್ರೆ ಎಷ್ಟು ಚೆನ್ನಾಗಿರ್ತಿತ್ತು..." ಪೂರ್ತಿ ಅಂಕವನ್ನೇ ಕೊಟ್ಟಿದ್ದರು.

ನಾನು ಪಾಸಾದೆ, ಮುಂದೆ ಓದಿದೆ. ಈಗ ಚಾಮರಾಜನಗರದ ಒಂದು ಆಫೀಸಿನಲ್ಲಿ ಕೆಲಸ. ಕೆಲಸವಿಲ್ಲದ ತಿಂಗಳುಗಳಲ್ಲಿ ಹಳ್ಳಿಯವರಿಗೆ ಕೆರೆ ಹೂಳೆತ್ತುವ ಕೂಲಿ ಕೊಡುವ ಫೈಲುಗಳು ನನ್ನ ಮೇಜಿಗೇ ಬರುತ್ತವೆ. ಅವನ್ನು ನಾನು ಬೇರೆ ಫೈಲುಗಳ ಅಡಿಯಲ್ಲಿ ಇಟ್ಟದ್ದೇ ಇಲ್ಲ. ಮೇಷ್ಟ್ರು ಪುಣಜನೂರಿನ ಕಡೆ ವರ್ಗವಾಗಿ, ಅಲ್ಲೇ ರಿಟೈರಾದರು ಎಂದು ಕೇಳಿದ್ದೆ. ಒಂದು ಭಾನುವಾರ ಹೋಗಿ ಮಾತಾಡಿಸಿ ಬರಬೇಕು ಎಂದುಕೊಳ್ಳುತ್ತಲೇ ಎಷ್ಟೋ ಭಾನುವಾರಗಳು ಹೋದವು. ಹೋದ ತಿಂಗಳು ಹಳೆಯ ಕ್ಲಾಸಿನವಳೊಬ್ಬಳು ಫೋನು ಮಾಡಿ, ಮೇಷ್ಟ್ರು ತೀರಿಕೊಂಡು ಆಗಲೇ ಎರಡು ತಿಂಗಳಾಯಿತು ಎಂದಳು. ನನ್ನ ಸೋಮಾರಿತನವನ್ನು ನಾನೇ ಬೈದುಕೊಂಡು ಅತ್ತೆ.

ಅಪ್ಪನಿಗೆ ಹೇಳಿದಾಗ ಅವನು ಎದ್ದು ಟವೆಲನ್ನು ಹೆಗಲಿಗೆ ಹಾಕಿಕೊಂಡ. ಆಮೇಲೆ, "ಗೋಡೆ ನೋಡ್ಕಂಡು ಬರನ, ನಡಿ" ಎಂದ. ಅದಕ್ಕೇ ಆ ದಿನ ನಾವು ಬಸ್ಸು ಹತ್ತಿದ್ದು.

ಗೋಡೆ ಇನ್ನೂ ನಿಂತಿತ್ತು. ಸುಣ್ಣ ಹೋಗಿತ್ತು, ಹೊಟ್ಟೆ ಹಾಗೇ ಇತ್ತು. ಅಪ್ಪ ಲಾರಿಯ ಮೂಟೆಗೆ ಹೆಗಲು ಕೊಡುವಂತೆ ಅದಕ್ಕೆ ಹೆಗಲು ಕೊಟ್ಟು ಒಮ್ಮೆ ನೂಕಿ ನೋಡಿದ. ಅದು ಅಲುಗಲಿಲ್ಲ. ಅಲ್ಲೇ ಅದಕ್ಕೆ ಒರಗಿ ನಿಂತು ನನ್ನ ಕಡೆ ನೋಡಿ ನಕ್ಕ.

"ಗೋಡೆ ಮುಗುದ್ರೆ ಕೊಡ್ತೀನಿ ಅಂದಿದ್ರಲ್ಲ ಕಣಮ್ಮಿ. ನೋಡು, ಟೀಸಿ ಕೊಡ್ದೇನೇ ಓಗ್ಬುಟ್ರು."

ನಗುತ್ತಲೇ ಟವೆಲನ್ನು ಹೆಗಲಿಂದ ತೆಗೆದು ಕಣ್ಣಿಗೆ ಒತ್ತಿಕೊಂಡ.