ಖಾಲಿ ಡಬ್ಬಿ ಕೊಡದ ಕಾತ್ಯಾಯಿನಿ ಆಂಟಿ

ವಾಷಿಂಗ್ಟನ್ ಹತ್ತಿರದ ಸ್ಟರ್ಲಿಂಗ್‌ನಲ್ಲಿ ನಮ್ಮ ಪಕ್ಕದ ಮನೆಯ ಕಾತ್ಯಾಯಿನಿ ಆಂಟಿಗೆ ಸಾರು ಕೊಟ್ಟು ಕಳಿಸಿದ ಡಬ್ಬಿ ಖಾಲಿ ಮರಳುತ್ತಲೇ ಇರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ, ಅದೂ ಮುಗಿದಿದ್ದರೆ ಕುಂಡದ ಕರಿಬೇವಿನ ಎಸಳು. ನಲ್ಲಿ ರಿಪೇರಿಗೆ ಬಂದವನು ಮರೆತು ಹೋದ ಟೂಲ್‌ಬಾಕ್ಸನ್ನೂ ಚಕ್ಕುಲಿ ತುಂಬಿಯೇ ಹಿಂದಿರುಗಿಸಿದವರು. "ಬರೀ ಡಬ್ಬಿ ವಾಪಸ್ ಕೊಡೋಕೆ ನನಗೆ ಮನಸ್ಸು ಒಪ್ಪಲ್ಲ ಕಣೇ" ಎನ್ನುತ್ತಿದ್ದರು. ವಾಷಿಂಗ್ಟನ್ನಿನ ಒಂದು ಮ್ಯೂಸಿಯಮ್ಮಿನಲ್ಲಿ ವಸ್ತುಗಳನ್ನು ಪ್ಯಾಕ್ ಮಾಡುವುದು ಅವರ ಕೆಲಸ. ಅಲ್ಲಿದ್ದ, ಅಲಾಸ್ಕಾದ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರ ಮರದ ಪೆಟ್ಟಿಗೆಯೊಂದರ ಗುಣಗಾನ ಕೇಳದವರು ನಮ್ಮ ಬೀದಿಯಲ್ಲಿಲ್ಲ: ಒಂದೇ ಹಲಗೆಯನ್ನು ಹಬೆಯಲ್ಲಿ ಮೆದು ಮಾಡಿ, ಮೂರು ಕಡೆ ಬಗ್ಗಿಸಿ, ನಾಲ್ಕನೆಯ ಮೂಲೆಯನ್ನು ಮಾತ್ರ ನಾರಿನಿಂದ ಹೊಲಿದದ್ದು, ಮೈತುಂಬ ಕಪ್ಪು ಕೆಂಪು ಬಣ್ಣದಲ್ಲಿ ಬರೆದ ಕಣ್ಣುಗಳು. "ನಮ್ಮನ್ನೇ ನೋಡ್ತಿರತ್ತೆ" ಎಂದು ದಿನವೂ ಅದಕ್ಕೆ ಗುಡ್ ಮಾರ್ನಿಂಗ್ ಹೇಳುತ್ತಿದ್ದರು. ತೊಂಬತ್ತೇಳರ ಚಳಿಗಾಲದಲ್ಲಿ ಆ ಪೆಟ್ಟಿಗೆಯನ್ನು ಅದರ ಮನೆತನದವರಿಗೇ ಮರಳಿಸಲಾಯಿತು. ಒಯ್ಯಲು ಬಂದ ಅಜ್ಜಿ ಮುಚ್ಚಳ ತೆಗೆದು, ಎರಡೂ ಕೈ ಒಳಗಿಟ್ಟು, ಬಹಳ ಹೊತ್ತು ತಳ ಸವರಿದರಂತೆ. ಅವರ ಹಿರಿಯರು ಕುಣಿತಕ್ಕೆ ಹೊದೆಯುತ್ತಿದ್ದ ಕಂಬಳಿ ಅದರಲ್ಲಿರುತ್ತಿತ್ತು. ಆ ಕಂಬಳಿಯನ್ನು ಯಾರೋ ಎಂದೋ ಮಾರಿಕೊಂಡಿದ್ದರು. "ಜೇಬಲ್ಲಿ ಸಕ್ಕರೆ ಪೊಟ್ಟಣ ಇಟ್ಕೊಂಡಿದ್ದೆ ಕಣೇ. ಆ ಕೈ ನೋಡಿದ್ಮೇಲೆ ತೆಗೆಯೋಕೆ ಆಗಲಿಲ್ಲ." ಅಂದು ಸಂಜೆ ಇಷ್ಟನ್ನು ನಮ್ಮ ಬಾಗಿಲಲ್ಲೇ ನಿಂತು ಹೇಳಿದ ಆಂಟಿ, ನಮ್ಮ ಡಬ್ಬಿಯನ್ನು ನನ್ನ ಕೈಗಿಟ್ಟು, ಒಳಗೂ ಬಾರದೆ ಹೊರಟುಹೋದರು. ತೆರೆದು ನೋಡಿದೆ. ಚೆನ್ನಾಗಿ ತೊಳೆದು ಒರೆಸಿದ್ದ ಡಬ್ಬಿಯಲ್ಲಿ ಏನೂ ಇರಲಿಲ್ಲ.