ಒಗ್ಗರಣೆಯಿಲ್ಲದ ಸಾರು

ರಂಜಿನಿ ಯಾರನ್ನೂ ನಂಬುವ ಹೆಂಗಸಲ್ಲ. ಇದೇನೂ ಅವಳ ಮೇಲಿನ ದೂರಲ್ಲ, ಕೇಳಿದರೆ ಅವಳೇ ಹೆಮ್ಮೆಯಿಂದ ಒಪ್ಪಿಕೊಳ್ಳುತ್ತಾಳೆ. ಗೋವಿಂದರಾಜನಗರದ ಅವಳ ಬಾಡಿಗೆ ಮನೆಗೆ ಗ್ಯಾಸ್ ಸಿಲಿಂಡರ್ ಬಂದರೆ ತೂಕ ಹಾಕಿಸದೆ ಹೊಸಿಲು ದಾಟಿಸುವುದಿಲ್ಲ. ತಳ್ಳುಗಾಡಿಯವನು ‘ಎಳೇದು ಅಕ್ಕಾ’ ಎಂದ ಮೇಲೂ ಬೆಂಡೆಕಾಯಿಯ ತುದಿಯನ್ನು ಒಂದೊಂದಾಗಿ ಮುರಿದು ನೋಡುತ್ತಾಳೆ. ಒಂದು ಕೊಂಡರೆ ಇನ್ನೊಂದು ಉಚಿತ ಎಂಬ ಬೋರ್ಡು ಕಂಡರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾಳೆ. ಯಾರೂ ಯಾರಿಗೂ ಸುಮ್ಮನೆ ಏನನ್ನೂ ಕೊಡುವುದಿಲ್ಲ, ಕೊಟ್ಟರೆ ಅದರ ಹಿಂದೆ ಏನೋ ಇರುತ್ತದೆ ಎಂಬುದು ಅವಳ ಜೀವನಸಿದ್ಧಾಂತ.

ಗಂಡ ಕಾಂತರಾಜು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಓಡಿಸುತ್ತಾನೆ. ಸಂಬಳ ತಂದು ಹೆಂಡತಿಯ ಕೈಗೆ ಹಾಕಿ ಟೀವಿ ಮುಂದೆ ಕೂತರೆ ಅವನ ಸಂಸಾರದ ಜವಾಬ್ದಾರಿ ಮುಗಿಯಿತು. ಆ ಸಂಬಳವನ್ನು ಹಿಂಜಿ ಹಿಂಜಿ ತಿಂಗಳ ಕೊನೆಯವರೆಗೆ ಎಳೆದು, ಮೇಲೆ ಒಂದಿಷ್ಟು ಉಳಿಸುವುದು ರಂಜಿನಿಯ ಕೆಲಸ. ಉಳಿಸುವುದೆಲ್ಲ ಒಬ್ಬಳೇ ಮಗಳು ಸ್ಪಂದನಳಿಗಾಗಿ. ಹುಡುಗಿ ಒಂಬತ್ತನೇ ಕ್ಲಾಸು, ಓದಿನಲ್ಲಿ ಚುರುಕು, ಖೋಖೋದಲ್ಲಿ ಇನ್ನೂ ಚುರುಕು. ತಾನು ಪಿಯುಸಿಗೆ ನಿಂತ ಹಾಗೆ ಇವಳು ನಿಲ್ಲಬಾರದು ಎಂಬ ಒಂದೇ ಹಟಕ್ಕೆ ರಂಜಿನಿ ಸೀರೆ ಕೊಳ್ಳುವುದನ್ನು ಬಿಟ್ಟಳು, ಹೋಟೆಲ್ ಬಿಟ್ಟಳು. ಬಸ್ಸು ಹೆಂಗಸರಿಗೆ ಫ್ರೀ ಆದ ಮೇಲಂತೂ ನಾಲ್ಕು ಕಟ್ಟು ಸೊಪ್ಪಿಗೂ ಮಾರ್ಕೆಟ್ಟಿಗೇ ಹೋಗುತ್ತಾಳೆ.

ಆದರೆ ಎಷ್ಟು ಬಿಗಿ ಹಿಡಿದರೂ ಒಂದು ತೂತು ಮಾತ್ರ ಮುಚ್ಚಿರಲಿಲ್ಲ. ಅದು ಮುಯ್ಯಿ. ಮದುವೆ, ಗೃಹಪ್ರವೇಶ, ಸೀಮಂತ, ಕಿವಿ ಚುಚ್ಚುವುದು ಎಂದು ಕರೆಯ ಮೇಲೆ ಕರೆ. ಬರಿಗೈಯಲ್ಲಿ ಹೋಗುವಂತಿಲ್ಲ. ನಮ್ಮ ಮನೆಯ ಕಾರ್ಯಕ್ಕೆ ಅವರು ಇಟ್ಟದ್ದಕ್ಕಿಂತ ಕಡಿಮೆ ಇಡುವಂತೆಯೂ ಇಲ್ಲ. ಹೋಗದಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಾರೆ.

ಈ ತೂತು ಮುಚ್ಚುವ ದಾರಿಯನ್ನು ತೋರಿಸಿದವರು ಕಾಂತರಾಜುವಿನ ದೊಡ್ಡಪ್ಪ. ತೋರಿಸಿದ್ದು ಸತ್ತು. ಮಾಗಡಿ ಕಡೆಯ ಊರಿನಲ್ಲಿ ಅವರು ತೀರಿಕೊಂಡಾಗ ಇಲ್ಲಿ ಮನೆ ಓನರ್ ಮಗಳ ಮದುವೆ ಇತ್ತು. ದಾಯಾದಿ ಸತ್ತರೆ ಹನ್ನೊಂದು ದಿನ ಸೂತಕ, ಶುಭಕಾರ್ಯದ ಕಡೆ ತಲೆ ಹಾಕುವಂತಿಲ್ಲ. ರಂಜಿನಿ ಹೋಗಲಿಲ್ಲ. ಓನರ್ ಹೆಂಡತಿ ಬೇಸರ ಮಾಡಿಕೊಳ್ಳುವುದಿರಲಿ, ತಾವೇ ಬಂದು ಸಮಾಧಾನ ಹೇಳಿ ಹೋದರು. ಮುಯ್ಯಿ ಉಳಿಯಿತು, ಮಾನವೂ ಉಳಿಯಿತು. ರಂಜಿನಿ ಅಂದೇ ಇದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಆಮೇಲಿಂದ ಆ ಊರಿನಲ್ಲಿ ಸಾವು ಹೆಚ್ಚಾಯಿತು. ಫೋನಿನಲ್ಲಿ ಕರೆ ಬಂದೊಡನೆ ರಂಜಿನಿಯ ದನಿ ಇಳಿಯುತ್ತಿತ್ತು. ‘ಅಯ್ಯೋ, ಬರಬೇಕು ಅಂತಾನೇ ಇದ್ವಿ. ನಮ್ಮನೆಯವರ ಕಡೆ ಒಬ್ಬರು ಹೋಗ್ಬಿಟ್ರು’ ಎನ್ನುವಳು. ಆದರೆ ಅವಳಿಗೂ ಒಂದು ನೇಮವಿತ್ತು. ಹತ್ತಿರದವರನ್ನು ಎಂದೂ ಸಾಯಿಸುತ್ತಿರಲಿಲ್ಲ. ಯಾರೂ ಕಂಡಿರದ, ಯಾರೂ ಹೋಗಿ ವಿಚಾರಿಸಲಾಗದ ದೂರದ ದಾಯಾದಿಗಳೇ ಆಗಬೇಕು. ಹೆಸರು ಹೇಳುತ್ತಿರಲಿಲ್ಲ. ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತ ಅತ್ತೆ ಹನುಮಕ್ಕ ಇದನ್ನೆಲ್ಲ ಕೇಳಿಸಿಕೊಂಡು ‘ಈ ಸಲ ಯಾರನ್ನ ಕಳಿಸ್ದೆ?’ ಎಂದಷ್ಟೇ ಕೇಳುತ್ತಿದ್ದರು. ಪಕ್ಕದಲ್ಲಿ ಹೋಂವರ್ಕ್ ಬರೆಯುತ್ತಿದ್ದ ಸ್ಪಂದನ ತಲೆ ಎತ್ತುತ್ತಿರಲಿಲ್ಲ.

ಇಂಥ ರಂಜಿನಿಗೆ, ಅವರೆಕಾಯಿ ಸೀಸನ್ ಶುರುವಾದ ಹೊತ್ತಿಗೆ, ಜನ ಇದ್ದಕ್ಕಿದ್ದಂತೆ ಒಳ್ಳೆಯವರಾಗತೊಡಗಿದರು.

ಮೊದಲು ಒಳ್ಳೆಯವರಾದದ್ದು ಸ್ಕೂಲಿನ ಎದುರು ದಿನಸಿ ಅಂಗಡಿ ಇಟ್ಟ ಶಂಭುಲಿಂಗಪ್ಪ. ಅವರಿಗೂ ರಂಜಿನಿಗೂ ವರ್ಷಗಳಿಂದ ಎಣ್ಣೆ ಸೀಗೆಕಾಯಿ. ತೊಗರಿಬೇಳೆ ತೂಗುವಾಗ ಅವಳು ಮುಳ್ಳನ್ನು ದಿಟ್ಟಿಸುವಳು, ಅವರು ಅವಳನ್ನು ದಿಟ್ಟಿಸುವರು. ಆ ದಿನ ಅವರು ತೂಗಿದ ಮೇಲೆ ಒಂದು ಹಿಡಿ ಬೇಳೆ ಮೇಲೆ ಹಾಕಿ, ಚಿಲ್ಲರೆಯನ್ನೂ ಬಿಟ್ಟು, ‘ಇಂಥ ಟೈಮಲ್ಲಿ ಲೆಕ್ಕ ಯಾಕ್ ತಾಯಿ, ತಗೊಂಡ್ ಹೋಗಿ’ ಎಂದರು. ಎಂಥ ಟೈಮು ಎಂದು ಕೇಳಲು ಅವಳಿಗೆ ಹೊಳೆಯಲಿಲ್ಲ. ಬೇಳೆ ಹುಳ ಹಿಡಿದಿರಬೇಕು ಎಂದುಕೊಂಡು ಓಡಿ ಮನೆಗೆ ಬಂದು ಮೊರದಲ್ಲಿ ಹರಡಿ, ಬಿಸಿಲಿಗೆ ಹಿಡಿದು ನೋಡಿದಳು. ಹುಳ ಇರಲಿಲ್ಲ. ಹುಳ ಸಿಕ್ಕಿದ್ದರೆ ಅವಳಿಗೆ ನೆಮ್ಮದಿಯಾಗುತ್ತಿತ್ತು.

ಮಾರನೆಯ ದಿನ ಮಾನಸಳ ತಾಯಿ ಬಂದರು. ಮಾನಸ ಸ್ಪಂದನಳ ಕ್ಲಾಸಿನ ಹುಡುಗಿ, ಮೂರನೇ ಕ್ರಾಸಿನಲ್ಲಿ ಸ್ವಂತ ಮನೆ. ಆಕೆ ಹಿಂದೆ ಒಮ್ಮೆಯೂ ಒಂದು ಎಸಳು ಕರಿಬೇವು ಕೊಟ್ಟವರಲ್ಲ. ಬಾಗಿಲ ಹೊರಗೇ ನಿಂತು, ರಂಜಿನಿಯ ಕೈ ಹಿಡಿದು, ‘ಅಡುಗೆ ಗಿಡುಗೆ ಅಂತ ಕಷ್ಟ ಪಡ್ಬೇಡಿ’ ಎಂದು ಒಂದು ಕ್ಯಾರಿಯರ್ ಕೊಟ್ಟು, ಒಳಗೆ ಕರೆದರೂ ಬರದೆ ಸರಸರನೆ ಹೊರಟುಹೋದರು. ಕ್ಯಾರಿಯರ್ ಬಿಚ್ಚಿದರೆ ಅನ್ನ, ಬೇಳೆ ಸಾರು. ರಂಜಿನಿ ಸಾರನ್ನು ಸೌಟಿನಲ್ಲಿ ಎತ್ತಿ ನೋಡಿದಳು. ಒಂದು ಕಾಳು ಸಾಸಿವೆ ಇಲ್ಲ, ಕರಿಬೇವಿಲ್ಲ, ಮೇಲೆ ಒಂದು ತೊಟ್ಟು ಎಣ್ಣೆ ತೇಲುತ್ತಿಲ್ಲ.

‘ನೋಡಿ ಅತ್ತೆ, ಸ್ವಂತ ಮನೆ ಇಟ್ಕೊಂಡು ಒಗ್ಗರಣೆ ಎಣ್ಣೆ ಉಳಿಸಿದಾಳೆ’ ಎಂದು ಉರಿದುಬಿದ್ದಳು. ಮನಸ್ಸಿನ ಮೂಲೆಯಲ್ಲಿ, ತನಗೆ ಈ ಉಪಾಯ ಹೊಳೆಯಲಿಲ್ಲವಲ್ಲ ಎಂಬ ಸಣ್ಣ ಹೊಟ್ಟೆಯುರಿಯೂ ಇತ್ತು.

ಹನುಮಕ್ಕ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದರು. ಒಗ್ಗರಣೆ ಇಲ್ಲದ ಸಾರನ್ನು ಸಾವಾದ ಮನೆಗೆ ಕೊಡುತ್ತಾರೆ, ಬದುಕಿರುವವರ ಮನೆಗಲ್ಲ ಎಂದು ಗೊಣಗಿದರು. ರಂಜಿನಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾನಸಳ ತಾಯಿ ಯಾಕೆ ಕೈ ಹಿಡಿದಳು ಎಂಬುದು ಅವಳ ತಲೆಯನ್ನು ಕೊರೆಯುತ್ತಿತ್ತು.

ಚೀಟಿ ಕಟ್ಟಿಸಲು ಬಂದಿರಬಹುದೇ? ಹಾಗಾದರೆ ಬಾಯಿ ಬಿಟ್ಟು ಕೇಳಬೇಕಿತ್ತು. ಸೋಪು, ಪೌಡರು ಮಾರುವ ಯಾವುದಾದರೂ ಸ್ಕೀಮಿಗೆ ಸೇರಿಸಲು ಇರಬಹುದೇ? ಆಮೇಲೆ ಆ ಮನೆಯಲ್ಲಿ ಡಿಗ್ರಿ ಓದುವ ಹುಡುಗನೊಬ್ಬ ಇರುವುದು ರಂಜಿನಿಗೆ ನೆನಪಾಯಿತು. ಸ್ಪಂದನ ಈಚೆಗೆ ಮಂಕಾಗಿದ್ದಳು. ಸಂಜೆ ಪ್ರ್ಯಾಕ್ಟೀಸ್ ಮುಗಿಸಿ ಕತ್ತಲಾಗುವಾಗ ಮಣ್ಣು ಮೆತ್ತಿಕೊಂಡು ಬರುತ್ತಿದ್ದವಳು ಈಗ ಸ್ಕೂಲು ಬಿಟ್ಟ ಕೂಡಲೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಯಾಕೆಂದು ಕೇಳಿದರೆ ಪ್ರ್ಯಾಕ್ಟೀಸ್ ಇಲ್ಲ ಎನ್ನುವಳು. ಆ ವಯಸ್ಸೇ ಅಂಥದ್ದು. ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದೆಲ್ಲ ಯಾರಿಗಾಗಿಯೋ ಅವಳೇ ಕೈತಪ್ಪಿ ಹೋದರೆ ಇಟ್ಟುಕೊಂಡು ಮಾಡುವುದೇನು? ರಂಜಿನಿಗೆ ನಿಜವಾಗಿಯೂ ಭಯವಾಯಿತು. ಮಗಳು ಸ್ನಾನಕ್ಕೆ ಹೋದಾಗ ಬ್ಯಾಗು ತಡಕಿದಳು, ಫೋನು ನೋಡಿದಳು, ಸಮವಸ್ತ್ರವನ್ನು ಮೂಸಿಯೂ ನೋಡಿದಳು. ಏನೂ ಸಿಗಲಿಲ್ಲ. ಏನೂ ಸಿಗದಿರುವುದು ಅವಳ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು.

ಕಾಂತರಾಜುವಿಗೆ ಹೇಳಿದರೆ ಅವನು ಟೀವಿಯಿಂದ ಕಣ್ಣು ಕೀಳದೆ, ಜನ ಒಳ್ಳೆಯವರಾದರೆ ಆಗಲಿ ಬಿಡು ಎಂದ. ಇಂಥ ಗಂಡನನ್ನು ಕಟ್ಟಿಕೊಂಡು ತಾನೊಬ್ಬಳೇ ಕಣ್ಣು ಬಿಟ್ಟುಕೊಂಡು ಇರಬೇಕು ಎಂದು ಅವಳು ಹಣೆ ಚಚ್ಚಿಕೊಂಡಳು.

ಶುಕ್ರವಾರ ಸಂಜೆ ಹನುಮಕ್ಕ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ರಂಜಿನಿ ಅಡುಗೆಮನೆಯಲ್ಲಿ ಇದ್ದಳು. ಬೈಕು ನಿಂತ ಸದ್ದಾಯಿತು. ಅವಳು ಕಿಟಕಿಯಿಂದ ಇಣುಕಿದರೆ, ಕೈಯಲ್ಲಿ ಬಾಳೆಹಣ್ಣಿನ ಕವರ್ ಹಿಡಿದ ಗಂಡಸೊಬ್ಬ ಮೆಟ್ಟಿಲು ಹತ್ತಿ ಬರುತ್ತಿದ್ದ. ಹಣ್ಣು ಹಿಡಿದು ಹೆಣ್ಣು ಕೇಳುವುದಕ್ಕೇ ಬಂದರೇ ಎಂದು ಅವಳ ಕೈಯಲ್ಲಿದ್ದ ಚಾಕು ಅಲ್ಲೇ ನಿಂತಿತು. ಬಾಗಿಲ ಮಾತಿಗೆ ಕಿವಿಗೊಟ್ಟಳು.

‘ಸ್ಪಂದನ ಮನೆ ಇದೇನಾ ಅಜ್ಜಿ? ನಾನು ಸ್ಕೂಲಲ್ಲಿ ಪಿಟಿ ಮಾಸ್ಟ್ರು, ಭೈರೇಶ್ ಅಂತ.’

‘ಊಂ ಕಣಪ್ಪ, ಇದೇಯ. ಏನಾಗ್ಬೇಕಿತ್ತು?’

‘ಅವರಜ್ಜಿ ಹೋಗ್ಬಿಟ್ರಂತಲ್ಲ. ಮಾತಾಡಿಸ್ಕೊಂಡು ಹೋಗೋಣ ಅಂತ ಬಂದೆ.’

ಹನುಮಕ್ಕ ಕಾಯಿಯನ್ನು ಮೊರಕ್ಕೆ ಹಾಕಿ ಕೇಳಿದರು. ‘ಯಾವಜ್ಜಿ?’

‘ತಂದೆಯ ತಾಯಿ. ಹನುಮಕ್ಕನವರು ಅಂತ.’

‘ಅವಳು ಇಲ್ಲೇ ಅವಳೆ, ಕಾಯಿ ಸುಲೀತಾ. ಒಳಿಕ್ ಬಾಪ್ಪ, ಕೂತ್ಕೊ’ ಎಂದರು ಹನುಮಕ್ಕ.

ಭೈರೇಶ್ ಮಾಸ್ತರರ ಮುಖ ಹೇಗಾಯಿತೋ ರಂಜಿನಿಗೆ ಕಾಣಲಿಲ್ಲ. ಅವಳು ಹೊರಗೆ ಬರುವ ಹೊತ್ತಿಗೆ ಅವರು ಕುರ್ಚಿಯ ಅಂಚಿನಲ್ಲಿ ಕೂತು ಬಾಳೆಹಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದರು. ನಿಧಾನವಾಗಿ ವಿಷಯ ಹೊರಬಂತು. ಸ್ಕೂಲಿನ ಖೋಖೋ ತಂಡ ಜಿಲ್ಲೆಯಲ್ಲಿ ಗೆದ್ದಿತ್ತು. ಭಾನುವಾರ ಹಾಸನಕ್ಕೆ ಹೋಗಿ ಮುಂದಿನ ಪಂದ್ಯ ಆಡಬೇಕು. ಟ್ರ್ಯಾಕ್ ಸೂಟು, ಶೂ, ಊಟ ತಿಂಡಿಯ ಖರ್ಚನ್ನು ಮನೆಯವರೇ ಕೊಡಬೇಕೆಂದು ಕ್ಲಾಸಿನಲ್ಲಿ ಹೇಳಿದ ಮಾರನೇ ದಿನ ಸ್ಪಂದನ ಬಂದು, ಅಜ್ಜಿ ತೀರಿಕೊಂಡರು, ಮನೆಯಲ್ಲಿ ಸೂತಕ, ಕಳಿಸುವುದಿಲ್ಲ ಎಂದಿದ್ದಳು. ಅವಳಂತೆ ಅಟ್ಟಿಸಿಕೊಂಡು ಹೋಗಿ ಔಟ್ ಮಾಡುವ ಹುಡುಗಿ ತಂಡದಲ್ಲಿ ಇನ್ನೊಬ್ಬಳಿಲ್ಲ. ಮನೆಯವರಿಗೆ ಸಮಾಧಾನ ಹೇಳಿ, ಸಾಧ್ಯವಾದರೆ ಒಂದು ಮಾತು ಕೇಳೋಣ ಎಂದು ಮಾಸ್ತರು ಬಂದಿದ್ದರು. ನಾಳೆ ಬೆಳಿಗ್ಗೆಯವರೆಗೆ ಹೆಸರು ಸೇರಿಸಬಹುದು ಎಂದರು.

ರಂಜಿನಿಯ ನಾಲಿಗೆ ಅಭ್ಯಾಸಬಲದಿಂದ ಆಗಲೇ ತಯಾರಾಗಿತ್ತು. ಇವರಲ್ಲ ಸಾರ್, ಊರಲ್ಲಿ ಇನ್ನೊಬ್ಬರು ಅಜ್ಜಿ ಇದ್ದರು ಎಂದರೆ ಮಾನ ಉಳಿಯುತ್ತಿತ್ತು. ಆದರೆ ರೂಮಿನ ಬಾಗಿಲಲ್ಲಿ ಸ್ಪಂದನ ನಿಂತಿದ್ದಳು. ಅಮ್ಮ ಈಗ ಯಾರನ್ನು ಸಾಯಿಸುತ್ತಾಳೆ ಎಂದು ಕಾಯುತ್ತಿರುವವಳಂತೆ ನೋಡುತ್ತಿದ್ದಳು. ರಂಜಿನಿ ಆ ಮಾತನ್ನು ನುಂಗಿಕೊಂಡಳು. ಬೆಳಿಗ್ಗೆ ಹೇಳಿ ಕಳಿಸುವುದಾಗಿ ಹೇಳಿ ಮಾಸ್ತರರನ್ನು ಬೀಳ್ಕೊಟ್ಟಳು.

ಬೈಕಿನ ಸದ್ದು ಅಡಗಿದ ಮೇಲೆ ಅವಳು ಮಗಳ ಮೇಲೆ ತಿರುಗಿದಳು. ಮನೆಯಲ್ಲಿ ಬದುಕಿರುವ ಮುದುಕಿಯನ್ನು ಸಾಯಿಸಲು ನಾಲಿಗೆ ಹೇಗೆ ಹೊರಳಿತು ಎಂದು ಕೇಳಿದಳು. ಉತ್ತರ ಕೊಟ್ಟವರು ಹನುಮಕ್ಕ.

‘ನೀನು ಊರಿಗ್ ಊರನ್ನೇ ಸಾಯಿಸ್ದೆ ಕಣಮ್ಮ. ಅದು ಮಗ, ಒಬ್ಬಳನ್ನ ಸಾಯಿಸ್ತು. ಬಿಡು.’

ಹನುಮಕ್ಕ ನಗುತ್ತಲೇ ಹೇಳಿದರು. ಆದರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಸೊಸೆಗೆ ಅದು ಚುಚ್ಚಿತು. ದುಡ್ಡು ಬೇಕು ಎಂದು ಒಂದು ಮಾತು ತನ್ನನ್ನು ಯಾಕೆ ಕೇಳಲಿಲ್ಲ, ತಾನು ಯಾವತ್ತಾದರೂ ಇಲ್ಲ ಎಂದದ್ದುಂಟೇ ಎಂದು ಮಗಳನ್ನು ಕೇಳಿದಳು.

‘ಇಲ್ಲ ಅನ್ನಲ್ಲ ನೀನು. ಕೊಡ್ತೀಯಾ’ ಎಂದಳು ಸ್ಪಂದನ. ‘ಹೋದ ವರ್ಷ ಟೂರಿಗೂ ಕೊಟ್ಟೆ. ಆಮೇಲೆ ಅಜ್ಜಿ ಕಣ್ಣಿನ ಡ್ರಾಪ್ಸ್ ತರೋದು ನಿಲ್ಲಿಸ್ದೆ. ಅಂಗಡೀಲಿ ಸ್ಟಾಕ್ ಇಲ್ಲ ಅಂದೆ. ಮೆಡಿಕಲ್‌ನಲ್ಲಿ ಕೇಳ್ದೆ ನಾನು. ಇತ್ತು.’

ಹನುಮಕ್ಕ ತಲೆ ತಗ್ಗಿಸಿ ಸುಲಿದ ಕಾಯಿಯನ್ನೇ ಮತ್ತೆ ಸುಲಿಯುವವರಂತೆ ಬೆರಳಾಡಿಸುತ್ತಿದ್ದರು. ಅವರಿಗೆ ಆಗಲೇ ಗೊತ್ತಿತ್ತು ಎಂಬುದು ರಂಜಿನಿಗೆ ಆ ಕ್ಷಣದಲ್ಲಿ ತಿಳಿಯಿತು. ಇಷ್ಟು ವರ್ಷ ಬೀದಿಯವರೆಲ್ಲರ ಮೇಲೆ ಕಣ್ಣಿಟ್ಟಿದ್ದ ಅವಳ ಮೇಲೆ ಮನೆಯೊಳಗೇ ಮಗಳ ಒಂದು ಜೊತೆ ಕಣ್ಣು ಕಾವಲಿತ್ತು. ಅವಳಿಗೆ ಅವಮಾನವಾಯಿತು. ಅವಮಾನಕ್ಕಿಂತ ಹೆಚ್ಚಾಗಿ, ಇಷ್ಟು ಚಿಕ್ಕ ಹುಡುಗಿ ಒಬ್ಬಳೇ ಮೆಡಿಕಲ್ ಸ್ಟೋರಿಗೆ ಹೋಗಿ ತಾಯಿಯ ಮಾತನ್ನು ಪರೀಕ್ಷೆ ಮಾಡಿ ಬಂದಳಲ್ಲ ಎಂದು ಸಂಕಟವಾಯಿತು.

ಅವಳು ಒಳಗೆ ಹೋಗಿ, ರಾಗಿ ಡಬ್ಬದಿಂದ ದುಡ್ಡು ತೆಗೆದು, ರಾಗಿ ಕೊಡವಿ, ಮಗಳ ಮುಂದೆ ಹಿಡಿದಳು. ಹೋಗಿ ಆಡಿಕೊಂಡು ಬಾ ಎಂದಳು. ಸ್ಪಂದನ ದುಡ್ಡನ್ನು ನೋಡಿದಳು, ಮುಟ್ಟಲಿಲ್ಲ.

‘ಈ ಸಲ ಯಾವುದ್ರಲ್ಲಿ ಕಡಿಮೆ ಮಾಡ್ತೀಯಾ?’

‘ಯಾವುದ್ರಲ್ಲೂ ಇಲ್ಲ ಕಣೇ.’

ಸ್ಪಂದನ ಕೈ ಹಿಂದೆ ಕಟ್ಟಿಕೊಂಡಳು. ಹಾಗಾದರೆ ಬೇಡ ಎಂದು ರೂಮಿನ ಕಡೆ ತಿರುಗಿದಳು.

ರಂಜಿನಿ ಹೇಳಿದ್ದು ಸುಳ್ಳೇ. ಅಡುಗೆಮನೆಯಿಂದ ಹಾಲಿಗೆ ಬರುವ ನಾಲ್ಕು ಹೆಜ್ಜೆಯಲ್ಲೇ ಅವಳ ತಲೆ ಬರುವ ತಿಂಗಳ ಖರ್ಚಿಗೆ ಕತ್ತರಿ ಹಾಕಿ ಮುಗಿಸಿತ್ತು. ಅವಳಿಗೇ ಗೊತ್ತಾಗದಂತೆ ಅದು ನಡೆದುಹೋಗುತ್ತಿತ್ತು. ಅವಳು ಮಗಳ ಬೆನ್ನನ್ನು ನೋಡುತ್ತ ನಿಂತಳು.

‘ಹಾಲಲ್ಲಿ’ ಎಂದಳು ಕೊನೆಗೆ. ‘ಬರೋ ತಿಂಗಳಿಂದ ಅರ್ಧ ಲೀಟರ್ ಸಾಕು ಅಂದ್ಕೊಂಡೆ.’

ಸ್ಪಂದನ ವಾಪಸ್ಸು ಬಂದು ದುಡ್ಡು ತೆಗೆದುಕೊಂಡಳು. ‘ನಂಗೆ ಹಾಲು ಬೇಡ. ಅಜ್ಜಿ ಕಾಫಿಗೆ ಮಾತ್ರ ನಿಲ್ಲಿಸ್ಬೇಡ’ ಎಂದಳು.

ರಂಜಿನಿ ಹೂಂ ಎಂದಳು. ಆ ಹೂಂ ನಿಜವೋ ಸುಳ್ಳೋ ಎಂದು ಮಗಳು ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡುತ್ತ ನಿಂತಿದ್ದು, ಆಮೇಲೆ ಬಟ್ಟೆ ಜೋಡಿಸಿಕೊಳ್ಳಲು ಹೋದಳು.