ಹೊಟ್ಟೆಯ ಮೇಲಿನ ಗುಂಡಿ

ನನ್ನ ಬಿಳಿ ಅಂಗಿಯ ನಾಲ್ಕನೆಯ ಗುಂಡಿಗೆ ನಾನು ಕೊಟ್ಟಷ್ಟು ತ್ರಾಸನ್ನು ಯಾರೂ ಯಾವ ಗುಂಡಿಗೂ ಕೊಟ್ಟಿರಲಿಕ್ಕಿಲ್ಲ. ಅದು ಸರಿಯಾಗಿ ಹೊಟ್ಟೆಯ ಮೇಲೆ ಬರುವ ಗುಂಡಿ. ನಾನು ಕೂತರೆ ಅದು ಬಿಗಿಯುತ್ತದೆ, ನಕ್ಕರೆ ಅದರ ಜೀವ ಹೋಗುತ್ತದೆ. ನಾನೋ ದಿನವೆಲ್ಲ ನಗುವವನು, ಕೂಗುವವನು. ಗದಗಿನ ಮಾರ್ಕೆಟ್ ಯಾರ್ಡಿನಲ್ಲಿ ವರ್ಷಗಟ್ಟಲೆ ಮೆಣಸಿನಕಾಯಿ ಹರಾಜಿನ ಸವಾಲು ಕೂಗಿದ ಗಂಟಲು ನನ್ನದು. ಊಟಕ್ಕೆ ಕೂತು ಉಪ್ಪು ಕೇಳಿದರೂ ನಮ್ಮ ಬೆಟಗೇರಿಯ ಅರ್ಧ ಓಣಿಗೆ ಕೇಳಿಸುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ನನಗೆ ಎರಡೂ ಗೊತ್ತಿಲ್ಲ ಎಂದು ನಮ್ಮ ಮನೆಯಾಕೆ ಯಾವತ್ತೋ ತೀರ್ಪು ಕೊಟ್ಟಿದ್ದಾಳೆ.

ನಮ್ಮ ಒಬ್ಬಳೇ ಮಗಳು ಹೊಲಿಗೆಯವಳು. ಪಡಸಾಲೆಯ ಕಿಟಕಿಗೆ ಮಷೀನ್ ಹಾಕಿಕೊಂಡು ಕೂತರೆ ಹರ್ತಿ, ಕುರ್ತಕೋಟಿಯಂಥ ಹಳ್ಳಿಗಳ ಹೆಣ್ಣುಮಕ್ಕಳೂ ಜಂಪರ್ ಹೊಲಿಸಲು ಹುಡುಕಿಕೊಂಡು ಬರುತ್ತಿದ್ದರು. ಅವಳು ಗುಂಡಿ ಹಚ್ಚುವುದನ್ನು ನೋಡಬೇಕು. ದಾರವನ್ನು ಎರಡೆಳೆ ಮಾಡಿ ಮೇಣದ ಬತ್ತಿಗೆ ತಿಕ್ಕುತ್ತಾಳೆ. ಗುಂಡಿಯ ಕೆಳಗೆ ಒಂದು ಬೆಂಕಿಕಡ್ಡಿ ಇಟ್ಟು ಹೊಲಿಯುತ್ತಾಳೆ. ಆಮೇಲೆ ಕಡ್ಡಿ ಎಳೆದು, ಗುಂಡಿಗೂ ಬಟ್ಟೆಗೂ ನಡುವೆ ಉಳಿದ ಸಡಿಲು ದಾರಕ್ಕೆ ಸುತ್ತು ಹಾಕಿ ಬಿಗಿದು, ಹಿಂದೆ ಗಂಟು ಹೊಡೆಯುತ್ತಾಳೆ. “ಗುಂಡಿಗೆ ಕುತ್ತಿಗಿ ಬೇಕಪ್ಪಾ. ಕುತ್ತಿಗಿ ಇಲ್ಲಂದ್ರ ಅದಕ್ಕ ಅತ್ತಿತ್ತ ಹೊಳ್ಳಾಕ ಬರಾಂಗಿಲ್ಲ, ಹರೀತೈತಿ” ಅನ್ನುತ್ತಾಳೆ. ಅಂಗಿ ಹರಿದರೂ ಗುಂಡಿ ಉಳಿಯಬೇಕು ಎನ್ನುವುದು ಅವಳ ಹಟ.

ಲಕ್ಷ್ಮೇಶ್ವರದ ಒಂದು ಮನೆಯವರು ಅವಳನ್ನು ನೋಡಲು ಬರುತ್ತೇವೆಂದು ಹೇಳಿ ಕಳಿಸಿದಾಗ, ಅವಳು ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದಳು. “ಹುಡುಗನ ಜೋಡಿ ಫೋನಿನ್ಯಾಗ ಮಾತಾಡೀನಿ, ಅವಂದೇನು ತಕರಾರಿಲ್ಲ. ಆದ್ರ ಅವರವ್ವನ ಮುಂದ ನೀ ಹೇಳಬೇಕು. ನನ್ನ ಕೂಡ ಮಷೀನೂ ಬರ್ತೈತಿ. ಅಲ್ಲಿ ನಾನು ಅಂಗಡಿ ಹಾಕಾಕಿ. ಇದನ್ನ ಮೊದಲ ಹೇಳಿಬಿಡಪ್ಪಾ.”

“ಹೇಳ್ತೀನಿ ಬಿಡವಾ, ಅದೇನು ದೊಡ್ಡ ಮಾತು!” ಎಂದು ಎದೆ ತಟ್ಟಿಕೊಂಡಿದ್ದೆ.

ಅವರು ಬರುವ ದಿನ ಬೆಳಿಗ್ಗೆ ನಾನು ಬಿಳಿ ಅಂಗಿ ತೊಟ್ಟು ಹೊರಬಂದರೆ, ಮಗಳ ಕಣ್ಣು ನೇರ ನಾಲ್ಕನೆಯ ಗುಂಡಿಗೇ ಹೋಯಿತು. “ಅಂಗಿ ಕಳಿಯಪ್ಪಾ, ಅದು ಜೋತು ಬಿದ್ದೈತಿ. ಎರಡ ನಿಮಿಷದಾಗ ಹಚ್ಚಿ ಕೊಡ್ತೀನಿ.”

ನನಗೋ ಮೊದಲೇ ಗಡಿಬಿಡಿ. ಸಿಟ್ಟು ನೆತ್ತಿಗೇರಿತು. “ನನಗೇನು ಕೈ ಇಲ್ಲೇನು? ಇವತ್ತರ ಆ ಸೂಜಿ ಕೆಳಗಿಡು!” ಎಂದು ಗದರಿ, ನಾನೇ ಕೂತು ಹಚ್ಚಿದೆ. ಒಂಟಿ ಎಳೆ, ನಾಲ್ಕು ಸಲ ಮೇಲೆ ಕೆಳಗೆ, ಹಲ್ಲಿನಿಂದ ಕಡಿದೆ, ಮುಗಿಯಿತು. ಮನೆಯಾಕೆ ಹತ್ತಿರ ಬಂದು ನೋಡಿ, “ಗುಂಡಿ ಹಚ್ಚೀರೋ, ಬರೇ ಇಟ್ಟೀರೋ?” ಎಂದು ಕೇಳಿ ಒಳಗೆ ಹೋದಳು.

ಹುಡುಗ, ಅವನ ತಾಯಿ, ಇಬ್ಬರು ಹಿರಿಯರು ಬಂದರು. ಶಿರಾ, ಉಪ್ಪಿಟ್ಟು ಕೊಟ್ಟೆವು. ಮಳೆ, ಬೆಳೆ, ಶಿರಹಟ್ಟಿ ರಸ್ತೆಯ ತಗ್ಗು ಎಲ್ಲ ಮಾತಾಡಿ ಮುಗಿಯಿತು. ಹುಡುಗನ ತಾಯಿ ಮಾತ್ರ ಬಹಳ ಗಂಭೀರ. ನನ್ನ ಇಷ್ಟು ಹಾಸ್ಯಕ್ಕೆ ಒಂದು ಸಲವೂ ನಗಲಿಲ್ಲ. ತಟ್ಟೆ ಬದಿಗಿಟ್ಟು, “ಹುಡುಗಿ ಹೊಲಿಗಿ ಮಾಡ್ತಾಳಂತ ಕೇಳೀನಿ, ಖರೇನ್ರಿ?” ಎಂದರು.

ಆ ದನಿಯಲ್ಲಿ ಮೆಚ್ಚುಗೆ ಇತ್ತೋ ತಕರಾರು ಇತ್ತೋ ನನಗೆ ತಿಳಿಯಲಿಲ್ಲ. ನಾನು ಹೆದರಿದೆ. ಇಷ್ಟು ಛಲೋ ಮನೆತನ ಒಂದು ಮಷೀನಿನ ಸಲುವಾಗಿ ಕೈಬಿಟ್ಟು ಹೋದರೆ? “ಅಯ್ಯ ಬಿಡ್ರಿ ಅಕ್ಕಾರ! ಅದೇನು, ಹೊತ್ತು ಹೋಗಲಿ ಅಂತ ಮಾಡೋದು. ಲಗ್ನ ಆದಮ್ಯಾಲೆ ಮಷೀನ್ ಗಿಷೀನ್ ಎಲ್ಲಾ ಬಿಟ್ಟುಬಿಡ್ತಾಳ” ಎಂದು ಹೊಟ್ಟೆ ಕುಣಿಸಿ ನಕ್ಕೆ.

ಠಪ್! ಗುಂಡಿ ಹಾರಿ ಹಿರಿಯರೊಬ್ಬರ ಶಿರಾದ ತಟ್ಟೆಯೊಳಗೆ ಗೋಡಂಬಿಯ ಪಕ್ಕ ಕೂತಿತು. ಅಂಗಿ ಬಾಯಿ ಬಿಟ್ಟು ಬನಿಯನ್ ಕಂಡಿತು. ತಲೆ ಎತ್ತಿದರೆ ಬಾಗಿಲಲ್ಲಿ ಮಗಳು, ಕೈಯಲ್ಲಿ ಚಹಾದ ಟ್ರೇ. ನಾನು ಹೇಳಿದ್ದೆಲ್ಲ ಅವಳಿಗೆ ಕೇಳಿಸಿತ್ತು. ನನ್ನ ಗಂಟಲಿಗೆ ಅಡುಗೆಮನೆಯೇನು ದೂರವೇ?

ಅವಳು ಟ್ರೇ ಇಟ್ಟಳು. ಹಿರಿಯರ ತಟ್ಟೆಯಿಂದ ಗುಂಡಿ ಎತ್ತಿ ಒರೆಸಿದಳು. ಸೂಜಿ, ದಾರ, ಬೆಂಕಿಕಡ್ಡಿ ತಂದಳು. ನಾನು ಅಂಗಿ ಬದಲಿಸಿ ಬರುತ್ತೇನೆಂದು ಎದ್ದೆ. “ಏನೂ ಬ್ಯಾಡ, ಇಲ್ಲೇ ನಿಂದ್ರು” ಎಂದು ಗೇಣುದ್ದದ ದಾರವೊಂದನ್ನು ಹರಿದು ನನ್ನ ಬಾಯಿಗೆ ಹಿಡಿದಳು. ಮೈಮೇಲಿನ ಬಟ್ಟೆ ಹೊಲಿಯಬಾರದು, ಹೊಲಿಯಲೇಬೇಕಾದರೆ ತೊಟ್ಟವರು ಬಾಯಲ್ಲಿ ದಾರ ಕಚ್ಚಿಕೊಂಡು ಮೂಕರಾಗಿ ನಿಲ್ಲಬೇಕು, ಇಲ್ಲದಿದ್ದರೆ ಅಪಶಕುನ ಎಂದು ನನ್ನ ತಾಯಿ ಹೇಳುತ್ತಿದ್ದಳು. ಅಜ್ಜಿಯ ಈ ಶಾಸ್ತ್ರ ಮೊಮ್ಮಗಳಿಗೆ ಆಗಲೇ ನೆನಪಾಗಬೇಕೇ?

“ಕಚ್ಚಪ್ಪಾ. ಮುಗಿಯೂತನಾ ಬಾಯಿ ತೆಗೀಬ್ಯಾಡ. ಶುಭ ಕೆಲಸದ ಹೊತ್ತು.”

“ಹೌದ್ರಿ ಅಣ್ಣಾರ, ನಮ್ಮ ಕಡೇನೂ ಹಂಗ ಐತಿ” ಎಂದರು ಹುಡುಗನ ತಾಯಿ. ನಾನು ಕಚ್ಚಿಕೊಂಡೆ.

ಮಗಳು ಸೂಜಿ ಚುಚ್ಚಿದಳು. ಕಣ್ಣು ಗುಂಡಿಯ ಮೇಲೆ, ಮಾತು ಅವರ ಕಡೆಗೆ. “ಈಗ ಅಪ್ಪ ಹೇಳಿದ್ದು ಅಪ್ಪನ ಮಾತ್ರಿ. ನಂದು ಬ್ಯಾರೆ ಐತಿ.”

“ಉಂ! ಉಂಉಂ!” ಎಂದೆ ನಾನು.

“ಅಳ್ಳಾಡಬ್ಯಾಡ, ಸೂಜಿ ಚುಚ್ಚತೈತಿ” ಎಂದು ನನಗೆ ಹೇಳಿ, ಅವಳು ಮುಂದುವರಿಸಿದಳು. “ನಾ ಮಷೀನ್ ಬಿಡಾಕಿ ಅಲ್ರಿ. ಲಕ್ಷ್ಮೇಶ್ವರದಾಗ ಸಣ್ಣದೊಂದು ಅಂಗಡಿ ಹಾಕಬೇಕಂತ ಭಾಳ ಆಸೆ ಐತಿ. ಮನಿ ಕೆಲಸಕ್ಕ ಹಿಂದ ಬೀಳಾಂಗಿಲ್ಲ. ಆದ್ರ ಇದನ್ನ ಮುಚ್ಚಿಟ್ಟು ಲಗ್ನ ಆಗೋದು ನನಗ ಬ್ಯಾಡ. ನಿಮಗ ಸೇರಲಿಲ್ಲಂದ್ರ ಈಗ ಹೇಳಿಬಿಡ್ರಿ. ಚಹಾ ಕುಡದು ನಕ್ಕೋತ ಹೋಗಿ ಬರ್ರಿ, ಸಿಟ್ಟೇನಿಲ್ಲ.”

ಹುಡುಗ ತಾಯಿಯ ಮುಖವನ್ನೇ ನೋಡುತ್ತಿದ್ದ. ನನ್ನ ಮಗಳ ಕೈ ಎಂದೂ ತಪ್ಪುವುದಲ್ಲ, ಆದರೆ ಅವತ್ತು ತಪ್ಪಿತು. ಸೂಜಿಯ ತುದಿ ನನ್ನ ಹೊಟ್ಟೆಗೆ ಎರಡು ಸಲ ತಾಗಿತ್ತು. ಅವಳು ಬೆಂಕಿಕಡ್ಡಿ ಎಳೆದಳು. ದಾರ ಸುತ್ತಿದಳು, ಸುತ್ತಿದಳು, ಸುತ್ತುತ್ತಲೇ ಇದ್ದಳು. ಎರಡು ನಿಮಿಷದ ಕೆಲಸ, ಹತ್ತು ನಿಮಿಷವಾದರೂ ಮುಗಿಯಲೊಲ್ಲದು. ನಾಚಿಕೆಯಿಂದ ನಾನು ಬೆವೆತುಹೋದೆ. ನಾನು ಹೇಳುತ್ತೇನೆಂದು ಮಾತು ಕೊಟ್ಟದ್ದನ್ನು ಅವಳೇ ಹೇಳಬೇಕಾಯಿತಲ್ಲ!

ಕೊನೆಗೆ ಅವಳು ದಾರ ಕತ್ತರಿಸಿದಳು. ಹುಡುಗನ ತಾಯಿ ಎದ್ದು ನನ್ನ ಹತ್ತಿರ ಬಂದು, ಸಂಕೋಚವಿಲ್ಲದೆ ಆ ಗುಂಡಿಯನ್ನು ಹಿಡಿದು ಜಗ್ಗಿದರು. ಮತ್ತೊಮ್ಮೆ ಜಗ್ಗಿದರು. “ಕುತ್ತಿಗಿ ಕಟ್ಟೀಯಲ್ಲ” ಎಂದು ಮಗಳಿಗೆ ಹೇಳಿದರು. ದನಿ ಮೆತ್ತಗಾಗಿತ್ತು. “ನಾನೂ ಹೊಲೀತಿದ್ನೆವಾ. ಲಗ್ನದಾಗ ಮಷೀನ್ ತವರಮನ್ಯಾಗ ಬಿಟ್ಟು ಬಂದೆ. ತರಲೇನು ಅಂತ ಕೇಳಾಕ ಧೈರ್ಯ ಸಾಲಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಬೀಗರ, ಮಷೀನ್ ಕಳಸ್ರಿ. ನಮ್ಮ ಪಡಸಾಲ್ಯಾಗ ಬೆಳಕು ಛಲೋ ಬೀಳ್ತೈತಿ” ಎಂದರು.

ನಾನಿನ್ನೂ ದಾರ ಕಚ್ಚಿಕೊಂಡೇ ನಿಂತಿದ್ದೆ. ಎಲ್ಲರೂ ನಕ್ಕರು, ಆ ಗಂಭೀರ ಹೆಣ್ಣುಮಗಳೂ ನಕ್ಕರು. ಮನೆಯಾಕೆ ಒಳಗಿನಿಂದ, “ಆ ದಾರ ಹಂಗ ಇರಲೇಳವಾ, ಮನಿ ತಣ್ಣಗೈತಿ” ಎಂದಳು. ನನಗೆ ಕಣ್ಣು ತುಂಬಿ ಬಂತು. ಎಷ್ಟು ಸಂತೋಷವಾಯಿತೆಂದರೆ, ಅದನ್ನು ಕೂಗಿ ಹೇಳಬೇಕೆಂದೂ ಅನ್ನಿಸಲಿಲ್ಲ.

ಆ ಪಡಸಾಲೆಯಲ್ಲಿ ಶುರುವಾದ ಅವಳ ಅಂಗಡಿ ಈಗ ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಹತ್ತಿರವಿದೆ. ಮಧ್ಯಾಹ್ನ ಅತ್ತೆಯೂ ಬಂದು ಗುಂಡಿ ಸಿಗಿಸುವ ಕಾಜಾ ಹೊಲಿದುಕೊಡುತ್ತಾರೆ. ಮೊನ್ನೆ ಹೋಗಿದ್ದೆ, ಅದೇ ಬಿಳಿ ಅಂಗಿ ತೊಟ್ಟು. ಕಾಲರ್ ಸವೆದಿದೆ, ಉಳಿದ ಗುಂಡಿಗಳೆಲ್ಲ ಬದಲಾಗಿವೆ, ನಾಲ್ಕನೆಯದು ಮಾತ್ರ ಅದೇ. ಅಂಗಡಿಯಲ್ಲಿ ಒಬ್ಬ ಕಂಡಕ್ಟರ್ ಹೆಣ್ಣುಮಗಳು ನಿಂತಿದ್ದಳು. ಖಾಕಿ ಅಂಗಿಯ ಗುಂಡಿ ಹರಿದಿತ್ತು, ಮುಂಡರಗಿ ಬಸ್ ಬಿಡುವ ಹೊತ್ತಾಗಿತ್ತು. ಮಗಳು ಅವಳ ಮೈಮೇಲೆಯೇ ಗುಂಡಿ ಹಚ್ಚುತ್ತಿದ್ದಳು. ಆ ಹೆಣ್ಣುಮಗಳೋ ಡ್ರೈವರನ ಮೇಲಿನ ಸಿಟ್ಟು, ಚಿಲ್ಲರೆಯ ತಕರಾರು, ಮಗನ ಶಾಲೆ ಎಲ್ಲವನ್ನೂ ಉಸಿರು ಬಿಡದೆ ಹೇಳುತ್ತಿದ್ದಳು. ಬಾಯಲ್ಲಿ ದಾರವಿಲ್ಲ!

ಅವಳು ಬಸ್ಸಿಗೆ ಓಡಿದ ಮೇಲೆ ನಾನು ತಡೆಯಲಾರದೆ ಕೇಳಿದೆ. “ಅಲ್ಲವಾ, ಮೈಮ್ಯಾಲಿನ ಅಂಗಿ ಹೊಲದಿ, ದಾರ ಕಚ್ಚಸಲಿಲ್ಲ? ಅಪಶಕುನ ಅಲ್ಲೇನು?”

ಮಗಳು ಸೂಜಿಯನ್ನು ಡಬ್ಬಿಗೆ ಹಾಕಿದಳು. “ಆಕಿ ತನ್ನ ಮಾತು ತಾ ಆಡಾಕತ್ತಿದ್ಲಪ್ಪಾ, ಆಡಲಿ ಅಂತ ಬಿಟ್ಟೆ. ನೀ ಆವತ್ತ ನನ್ನ ಮಾತು ಆಡಾಕ ಹೋಗಿದ್ದಿ.”

ನಾನು ನಕ್ಕೆ, ಹೊಟ್ಟೆ ಕುಣಿಸಿ ನಕ್ಕೆ. ಗುಂಡಿ ಅಲ್ಲಾಡಲಿಲ್ಲ.